ಮೂರು ನೂಲಿನ ಬೋಲ್ಟ್ ಮತ್ತು ನನ್ನ ಟ್ಯಾಪ್ ಡಬ್ಬಿ

ಡಿಸೆಂಬರ್‌ನಲ್ಲಿ ಸಂಜೆ ಐದರ ಮೇಲೆ ನನ್ನ ಲೇತ್ ಶೆಡ್ ಮುಂದೆ ಜೀಪು ನಿಂತರೆ ಅದು ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಶೀನಿನ ಕೆಲಸವೇ. ಬೆಳಿಗ್ಗೆಯಿಂದ ಕೊಯ್ದ ಹಣ್ಣು ಮೂಟೆಯಾಗಿ ಪಲ್ಪರ್ ಹತ್ತಿರ ಬಂದಿರುತ್ತೆ, ಸರಿಯಾಗಿ ಅದೇ ಹೊತ್ತಿಗೆ ಮಶೀನ್ ಕೈ ಕೊಡುತ್ತೆ. ಹಣ್ಣಿನ ಸಿಪ್ಪೆ ಅವತ್ತೇ ಬಿಡಿಸದಿದ್ದರೆ ಮೂಟೆಯೊಳಗೇ ಬಿಸಿಯೇರಿ ಹುಳಿ ಬರುತ್ತೆ. ಹಾಗಾಗಿ "ನಾಳೆ ಬನ್ನಿ" ಅನ್ನೋ ಮಾತು ಚಿಕ್ಕಮಗಳೂರಿನಲ್ಲಿ ಕೊಯ್ಲು ಮುಗಿಯೋವರೆಗೂ ನಡೆಯೋದಿಲ್ಲ.

ಹೋದ ತಿಂಗಳು ಆಲ್ದೂರು ಕಡೆಯ ತೋಟದಿಂದ ಒಬ್ಬರು ಗೋಣಿಚೀಲದಲ್ಲಿ ಸುತ್ತಿದ ಶಾಫ್ಟ್ ತಂದರು. ತುದಿಯಲ್ಲಿ ಒಂದು ತೂತು. ಪುಲ್ಲಿ ಜಾರದ ಹಾಗೆ ವಾಷರ್ ಇಟ್ಟು ಬಿಗಿಯೋ ಬೋಲ್ಟ್ ಅದರೊಳಗೆ ಕೂರಬೇಕು. ತೂತಿನೊಳಗಿನ ಥ್ರೆಡ್, ಅಂದರೆ ಬೋಲ್ಟ್ ಹಿಡಿಯೋ ಸುತ್ತುಗೆರೆ, ಪೂರ್ತಿ ಹೋಗಿತ್ತು. ಬೋಲ್ಟನ್ನೂ ತಂದಿದ್ದರು, ಒಳಗಿನ ಥ್ರೆಡ್ ಕಿತ್ತು ಬಂದು ತಂತಿಯ ಹಾಗೆ ಅದಕ್ಕೇ ಸುತ್ತಿಕೊಂಡಿತ್ತು.

"ಎಂ10 ಟ್ಯಾಪ್ ಹೊಡೆದುಬಿಡಿ ಸಾರ್, ಹತ್ತು ನಿಮಿಷದ ಕೆಲಸ ಅಲ್ವಾ?"

ಅಲ್ಲ. ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕೆತ್ತೋ ಉಪಕರಣ, ಎಂ10 ಅಂದರೆ 10 ಮಿ.ಮೀ. ವ್ಯಾಸದ ಮೆಟ್ರಿಕ್ ಅಳತೆ. ಬೋಲ್ಟಿಗೆ ವರ್ನಿಯರ್ ಇಟ್ಟು ಅಳೆದೆ, 9.5 ಮಿ.ಮೀ. ಬಂತು. ಥ್ರೆಡ್ ಗೇಜ್ ಹಿಡಿದೆ, ಇಂಚಿಗೆ 16 ಸುತ್ತು. ಅಂದರೆ ಇದು ಮೂರು ನೂಲಿನ ಬೋಲ್ಟ್ (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ), ಮೂರೆಂಟಂಶ ಇಂಚಿನ ವಿಟ್‌ವರ್ತ್ ಥ್ರೆಡ್. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಹೇಳಿದ ಅಳತೆ ಇನ್ನೂ ನಮ್ಮ ಕಾಫಿ ತೋಟಗಳಲ್ಲಿ ತಿರುಗುತ್ತಿದೆ. ಹಳೇ ಪಲ್ಪರ್ ಯಾರೂ ಎಸೆಯೋದಿಲ್ಲ, ಎಸೆಯಲೂಬಾರದು. ಆದರೆ ವಿಟ್‌ವರ್ತ್ ಥ್ರೆಡ್‌ನ ಕೋನ 55 ಡಿಗ್ರಿ, ಮೆಟ್ರಿಕ್‌ನದು 60. ಎರಡೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಒಂದರೊಳಗೆ ಇನ್ನೊಂದು ಹೊಂದೋದಿಲ್ಲ.

ಎಂ10 ಯಾಕೆ ಬೇಡ ಅಂತ ಹೇಳ್ತೀನಿ. ಎಂ10ರ ಪಿಚ್, ಅಂದರೆ ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರೋ ದೂರ, 1.5 ಮಿ.ಮೀ. ವ್ಯಾಸದಲ್ಲಿ ಪಿಚ್ ಕಳೆದರೆ ಡ್ರಿಲ್ ಅಳತೆ ಸಿಗುತ್ತೆ, 8.5. ಆದರೆ ಹಳೇ ಥ್ರೆಡ್‌ನ ಗುಂಡಿ 9.5ರವರೆಗೆ ಆಗಲೇ ಕೊರೆದಿದೆ. 10ಕ್ಕೆ ಹೋಗುವ ಟ್ಯಾಪ್‌ಗೆ ಕೆತ್ತಲು ಗಟ್ಟಿ ಲೋಹ ಸಿಗೋದು ಒಂದೊಂದು ಕಡೆ ಕಾಲು ಮಿಲಿಮೀಟರಿಗೂ ಕಡಿಮೆ. ಮೇಲಾಗಿ ಹಳೇ ಪಿಚ್ 1.5875. ಹತ್ತು ಸುತ್ತು ಹೋಗೋಷ್ಟರಲ್ಲಿ ಎರಡರ ನಡುವೆ ಸುಮಾರು 0.9 ಮಿ.ಮೀ. ತಪ್ಪಿರುತ್ತೆ. ಬೋಲ್ಟ್ ಕೂತ ಹಾಗೆ ಕಾಣುತ್ತೆ, ಎರಡು ದಿನ ಪಲ್ಪರ್ ಓಡಿದರೆ ಮತ್ತೆ ಜೀಪು ನನ್ನ ಶೆಡ್ ಮುಂದೆ.

ಎಂ12 ಆದರೆ ಪಿಚ್ 1.75, ಡ್ರಿಲ್ 10.2. ಹಳೇ ಥ್ರೆಡ್‌ನ ಗುರುತೂ ಉಳಿಯೋದಿಲ್ಲ. ಶಾಫ್ಟ್ 35 ಮಿ.ಮೀ. ದಪ್ಪ ಇತ್ತು, ಗೋಡೆಗೆ ಬೇಕಾದಷ್ಟು ಜಾಗ. ಲೇತಿಗೆ ಹಾಕಿ ಹಳೇ ತೂತನ್ನು 10.2ಕ್ಕೆ ಅಗಲ ಮಾಡಿ, 35 ಮಿ.ಮೀ. ಆಳಕ್ಕೆ ಇಳಿಸಿದೆ. ಥ್ರೆಡ್ ಬೇಕಾಗಿದ್ದು 25. ಕೆಳಗಿನ 10 ಮಿ.ಮೀ. ಚೂರು ಬೀಳೋಕೆ ಮತ್ತು ಟ್ಯಾಪ್‌ನ ಮೂತಿಗೆ.

ಇನ್ನು ಯಾವ ಟ್ಯಾಪ್? ನನ್ನ ಡಬ್ಬಿಯಲ್ಲಿ ಎಂ12 ಅಂತ ಬರೆದಿರೋದೇ ಐದು ಇವೆ. ಒಂದು ಗನ್ ಟ್ಯಾಪ್, ಒಂದು ಸ್ಪೈರಲ್, ಮೂರರ ಒಂದು ಕೈ ಟ್ಯಾಪ್ ಸೆಟ್. ಅವತ್ತು ಗನ್ ಟ್ಯಾಪ್ ಕಡೆ ಕೈ ಹೋಗಲಿಲ್ಲ. ಅದಕ್ಕೊಂದು ಕಥೆ ಇದೆ.

ಮೂರು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎಂ10 ಗನ್ ಟ್ಯಾಪ್ ತಂದಿದ್ದೆ. ಗೇಟಿನ ಪ್ಲೇಟ್‌ಗಳಲ್ಲಿ ಹಾಕಿದರೆ ಬೆಣ್ಣೆ ಕೊರೆದ ಹಾಗೆ. ಅದರ ಮೂತಿಯನ್ನು ಓರೆಯಾಗಿ ಕೊರೆದಿರುತ್ತಾರೆ, ಕೆತ್ತಿದ ಲೋಹದ ಸುರುಳಿಯನ್ನು ಮುಂದಕ್ಕೆ ನೂಕಿಕೊಂಡು ಹೋಗುತ್ತೆ. ಆ ಕಡೆ ಈ ಕಡೆ ತೆರೆದ ತೂತಾದರೆ ಸುರುಳಿ ಕೆಳಗೆ ಉದುರುತ್ತೆ, ಕೆಲಸ ಮುಗಿಯಿತು. ನನಗೆ ಎಷ್ಟು ಇಷ್ಟವಾಯಿತು ಅಂದರೆ, ಒಂದು ದಿನ ಯೋಚನೆ ಮಾಡದೆ ಅದನ್ನೇ ಒಂದು ಶಾಫ್ಟ್ ತುದಿಗೆ ಇಳಿಸಿದೆ. ಆ ತೂತಿಗೆ ತಳ ಇತ್ತು. ನೂಕಿದ ಸುರುಳಿಯೆಲ್ಲ ತಳದಲ್ಲಿ ಸೇರಿ ಗಟ್ಟಿಯಾಯಿತು. ಕೈಗೆ ಬಿಗಿ ಗೊತ್ತಾಗಿತ್ತು, ಇನ್ನೊಂದು ಸುತ್ತು ಅಂದುಕೊಂಡೆ. 'ಟಿಣ್' ಅಂತು.

ಮುರಿದ ಟ್ಯಾಪ್ ತೆಗೆಯೋದು ಅಂದರೆ ಹಲ್ಲು ಕಿತ್ತ ಹಾಗಲ್ಲ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟ್ಯಾಪ್ ಎಷ್ಟು ಗಟ್ಟಿ ಅಂದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಸುಮ್ನೆ ಜಾರುತ್ತೆ. ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸಿದೆ, ವೆಲ್ಡ್ ಬಿಟ್ಟಿತು. ಪಂಚ್ ಇಟ್ಟು ಹೊಡೆದು ಪುಡಿ ಮಾಡಲು ಹೋಗಿ ತೂತಿನ ಬಾಯಿ ಹಾಳಾಯಿತು. ಕೊನೆಗೆ ನನ್ನ ದುಡ್ಡಲ್ಲೇ ಹೊಸ ಶಾಫ್ಟ್ ಮಾಡಿಕೊಟ್ಟೆ. ಆ ಹಳೇ ತುಂಡು ಈಗಲೂ ಬಿಲ್ ಪುಸ್ತಕ ಹಾರದ ಹಾಗೆ ಮೇಲೆ ಕೂತಿದೆ.

ತಳ ಇರುವ ತೂತಿಗೆ ಸ್ಪೈರಲ್ ಟ್ಯಾಪ್ ಸರಿ. ಅದರ ಕಾಲುವೆ ಡ್ರಿಲ್ ಬಿಟ್ ಹಾಗೆ ಸುತ್ತಿಕೊಂಡಿರುತ್ತೆ, ಸುರುಳಿಯನ್ನು ಮೇಲಕ್ಕೆ ಎಳೆದು ಹಾಕುತ್ತೆ. ನನ್ನದರ ಎರಡು ಹಲ್ಲು ಸವೆದಿತ್ತು, ಶಾಫ್ಟ್ ಬೇರೆ ಏನು ಸ್ಟೀಲೋ ಗೊತ್ತಿಲ್ಲ. ಹಾಗಾಗಿ ಕೈ ಟ್ಯಾಪ್ ಸೆಟ್ಟೇ ತೆಗೆದೆ. ನಿಧಾನ, ಆದರೆ ಒಳಗೆ ಏನಾಗ್ತಿದೆ ಅಂತ ಕೈಗೆ ಹೇಳುತ್ತೆ.

ಈ ಸೆಟ್ ಬಗ್ಗೆ ಒಂದು ಮಾತು. ನನ್ನ ಸೆಟ್‌ನಲ್ಲಿ ಮೊದಲನೇ ಟ್ಯಾಪ್‌ನ ಹಿಡಿಯ ಮೇಲೆ ಒಂದು ಗೆರೆ, ಎರಡನೇದಕ್ಕೆ ಎರಡು, ಮೂರನೇದಕ್ಕೆ ಗೆರೆಯೇ ಇಲ್ಲ. ಹೊಸ ಹುಡುಗರು ಗೆರೆ ಇಲ್ಲದ್ದೇ ಮೊದಲನೇದು ಅಂದುಕೊಳ್ತಾರೆ. ಅದು ಕೊನೆಯದು, ತಳದವರೆಗೆ ಥ್ರೆಡ್ ಕೆತ್ತೋದು. ಇಂಥ ಸೆಟ್‌ಗಳಲ್ಲಿ ಮೊದಲ ಎರಡು ಪೂರ್ತಿ ಅಳತೆಗೆ ಇರೋದಿಲ್ಲ. ನನ್ನ ಹತ್ತಿರ ಕೆಲಸ ಕಲಿಯೋ ಹುಡುಗ ಒಮ್ಮೆ ಎರಡಕ್ಕೇ ನಿಲ್ಲಿಸಿ, ಹೋಗದ ಬೋಲ್ಟಿಗೆ ಪೈಪ್ ಹಾಕಿ ಬಿಗಿಯುತ್ತಿದ್ದ. ಬೈಯಲಿಲ್ಲ, ಬಿಲ್ ಪುಸ್ತಕದ ಮೇಲಿನ ತುಂಡು ತೋರಿಸಿದೆ.

ಶಾಫ್ಟ್ ಲೇತಿನಲ್ಲೇ ಇತ್ತು. ಟ್ಯಾಪ್‌ನ ಹಿಂಬದಿಯ ಗುಳಿಗೆ ಟೇಲ್‌ಸ್ಟಾಕ್‌ನ ಸೆಂಟರ್, ಅಂದರೆ ಲೇತಿನ ಆ ತುದಿಯ ಚೂಪು ಮೊನೆ, ತಾಗಿಸಿ, ರೆಂಚ್ ಹಿಡಿದು ಕೈಯಲ್ಲೇ ತಿರುಗಿಸಿದೆ. ಹೀಗೆ ಮಾಡಿದರೆ ಟ್ಯಾಪ್ ಓರೆ ಹೋಗೋದಿಲ್ಲ. ಕಟಿಂಗ್ ಆಯಿಲ್ ನಾಲ್ಕು ಹನಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ ಸುರುಳಿ ಕಡಿದದ್ದು ಬೆರಳಿಗೆ ಸಣ್ಣಗೆ 'ಟಕ್' ಅಂತ ತಿಳಿಯುತ್ತೆ. ಆ ಟಕ್ ಬಾರದಿದ್ದರೆ ಮುಂದೆ ಹೋಗಬೇಡಿ, ಹೊರಗೆ ತೆಗೆದು ಊದಿ. ನಾನು ಐದು ಸಲ ಹೊರಗೆ ತೆಗೆದೆ.

ಎಣ್ಣೆ ಎಲ್ಲ ಲೋಹಕ್ಕೂ ಒಂದೇ ಅಲ್ಲ. ಪಲ್ಪರ್‌ನ ಬೀಡು ಕಬ್ಬಿಣಕ್ಕೆ ನಾನು ಎಣ್ಣೆ ಬಿಡದೆ ಒಣಗಿದ್ದ ಹಾಗೇ ಟ್ಯಾಪ್ ಹಾಕ್ತೀನಿ, ಚೂರು ಕಪ್ಪು ಪುಡಿಯಾಗಿ ಬರುತ್ತೆ, ಎಣ್ಣೆ ಬಿಟ್ಟರೆ ಕೆಸರು. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಒಳ್ಳೇದು, ಈಗ ಸಿಗೋದೇ ಕಷ್ಟ, ಡೀಸೆಲ್‌ನಲ್ಲಿ ನಡೆಸ್ತೀನಿ. ಸ್ಟೇನ್‌ಲೆಸ್ ಬಂದರೆ ಕೋಬಾಲ್ಟ್ ಸೇರಿದ ಟ್ಯಾಪೇ ಬೇಕು, ಮೊಂಡು ಟ್ಯಾಪ್ ಉಜ್ಜಿದರೆ ಸ್ಟೇನ್‌ಲೆಸ್ಸೇ ಇನ್ನೂ ಗಟ್ಟಿಯಾಗಿ ಕೂರುತ್ತೆ.

ವಾಷರ್‌ನ ತೂತನ್ನು 13ಕ್ಕೆ ದೊಡ್ಡದು ಮಾಡಿ, ಎಂ12 ಬೋಲ್ಟ್ ಬೆರಳಲ್ಲೇ ತಳದವರೆಗೆ ಇಳಿಸಿ ತೋರಿಸಿದಾಗ ಎಂಟೂವರೆ. ಶಾಫ್ಟ್ ಮತ್ತೆ ಗೋಣಿಚೀಲಕ್ಕೆ, ಜೀಪು ಆಲ್ದೂರಿಗೆ. ಹತ್ತೂಕಾಲಿಗೆ ಫೋನ್ ಬಂತು. ಊಟಕ್ಕೆ ಕೂತಿದ್ದೆ, ಎದೆ ಧಸಕ್ ಅಂತು.

"ಸಾರ್, ಎಲ್ಲಾ ಕೂತಿದೆ. ಆದ್ರೆ ಹಳೇ ಸ್ಪ್ಯಾನರ್ ಈ ಬೋಲ್ಟಿಗೆ ಹಿಡೀತಿಲ್ಲ."

ಜೀಪಿನ ಸೀಟಿನ ಕೆಳಗೆ ನೋಡಿ, 19ರದ್ದು ಇರಬಹುದು ಅಂದೆ. ಇತ್ತು.