ಎಫೆಸದಲ್ಲಿ ಒಂದು ಭಾನುವಾರ

ಟರ್ಕಿಗೆ ಹೋಗೋ ನಮ್ಮೋರು ಹೆಚ್ಚಾಗಿ ಇಸ್ತಾಂಬುಲ್, ಕಪಡೋಕಿಯಾ ಬಲೂನ್ ನೋಡಿ ವಾಪಸ್ ಬಂದ್ಬಿಡ್ತಾರೆ. ನಮಗೆ ಟರ್ಕಿಯ ಪಶ್ಚಿಮದಲ್ಲಿರೋ ಹಳೇ ಪಾಳುನಗರ ಎಫೆಸ ನೋಡ್ಲೇಬೇಕಿತ್ತು, ಅದೂ ಭಾನುವಾರನೇ.

ಬೆಳಗ್ಗೆ ಪಕ್ಕದ ಊರು ಸೆಲ್ಚುಕ್‌ನಿಂದ ಟ್ಯಾಕ್ಸಿ ಮಾಡ್ಕೊಂಡು ಬೆಟ್ಟದ ಮೇಲಿರೋ, ಯೇಸುವಿನ ತಾಯಿ ಮಾತೆ ಮರಿಯಮ್ಮನವರ ಮನೆಗೆ ಹೋದ್ವಿ. ಯೇಸುವಿನ ಶಿಷ್ಯ ಸಂತ ಯೋವಾನ್ನರು ಮಾತೆಯನ್ನ ಕರ್ಕೊಂಡು ಬಂದು ಇಲ್ಲಿಟ್ಟು ನೋಡ್ಕೊಂಡ್ರು ಅನ್ನೋದು ನಂಬಿಕೆ. 1891ರಲ್ಲಿ ಸ್ಮಿರ್ನಾದ (ಈಗಿನ ಇಜ್ಮಿರ್) ಫಾದರ್‌ಗಳು ಇದರ ಪಾಳುಗೋಡೆ ಹುಡುಕಿದ್ದು. ಇದೇ ಆ ಮನೆ ಅಂತ ಕಥೋಲಿಕ ಧರ್ಮಸಭೆ ಖಚಿತವಾಗಿ ಸಾರಿಲ್ಲ, ಆದ್ರೂ ಪೋಪ್‌ಗಳಾದ ಆರನೇ ಪೌಲ್ 1967ರಲ್ಲಿ, 1979ರಲ್ಲಿ ಎರಡನೇ ಜಾನ್ ಪೌಲ್, 2006ರಲ್ಲಿ ಹದಿನಾರನೇ ಬೆನೆಡಿಕ್ಟ್ ಬಂದು ಪ್ರಾರ್ಥಿಸಿದ್ದಾರೆ. ಮರಗಳ ಕೆಳಗೆ ಬಲಿಪೂಜೆ (ಮಾಸ್) ಆಯ್ತು, ಯಾವ್ಯಾವ್ದೋ ದೇಶದೋರು, ಎಲ್ರೂ ಒಟ್ಟಿಗೆ ಪರಲೋಕ ಪ್ರಾರ್ಥನೆ ಅವರವರ ಭಾಷೇಲಿ ಹೇಳಿದ್ರು, ನಾವು ಕನ್ನಡದಲ್ಲಿ. ಮುಸ್ಲಿಂ ಹೆಂಗಸರೂ ಮಾತೆ ಹತ್ರ ಬೇಡ್ಕೊಳ್ಳೋಕೆ ಬಂದಿದ್ರು, ಅದನ್ನ ನೋಡಿ ಮನಸ್ಸು ತುಂಬಿ ಬಂತು.

ಆಮೇಲೆ ಪಾಳುನಗರ. ಮೇಲಿನ ಗೇಟಿಂದ ಇಳಿದ್ರೆ ಅಮೃತಶಿಲೆ ರಸ್ತೆ, ಕೆಳಗೆ ಸೆಲ್ಸಸ್ ಲೈಬ್ರರಿಯ ಎರಡಂತಸ್ತಿನ ಮುಂಭಾಗ, ಸೆಲ್ಸಸ್‌ನ ಮಗ ಅಪ್ಪನ ಸಮಾಧಿ ಮೇಲೆ ಕಟ್ಟಿಸಿದ್ದು. ಎಲ್ರೂ ಅಲ್ಲೇ ಫೋಟೋ ತೆಗೀತಾ ನಿಂತಿರ್ತಾರೆ. ನನಗೆ ಮೈ ಜುಮ್ಮಂದಿದ್ದು ಥಿಯೇಟರ್‌ನಲ್ಲಿ. ಸುಮಾರು 25,000 ಜನ ಕೂರೋ ಜಾಗ. ಸಂತ ಪೌಲರ ಬೋಧನೆಯಿಂದ ಅರ್ತೆಮಿ ದೇವತೆಯ ಪುಟ್ಟ ಬೆಳ್ಳಿ ಗುಡಿ ಮಾರೋ ವ್ಯಾಪಾರ ಬಿದ್ದೋಗುತ್ತೆ ಅಂತ ಅಕ್ಕಸಾಲಿಗ ದೆಮೆತ್ರಿಯ ಊರನ್ನೇ ಎಬ್ಬಿಸಿದ್ನಲ್ಲ, ಆ ಜನ ನುಗ್ಗಿದ್ದು ಇಲ್ಲಿಗೇ, ಎರಡು ಗಂಟೆ ಕೂಗಿದ್ರಂತೆ. ಮೇಲಿನ ಸಾಲಲ್ಲಿ ಕೂತು ಬೈಬಲ್‌ನ ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯ ಓದಿದ್ವಿ, ಅದನ್ನ ಓದೋಕೆ ಇದಕ್ಕಿಂತ ಒಳ್ಳೇ ಜಾಗ ಬೇರೆ ಇಲ್ಲ. ಎದುರಿಗೆ ಬಂದರಿನ ರಸ್ತೆ ಕಾಣುತ್ತೆ, ಸಮುದ್ರ ಮಾತ್ರ ಇಲ್ಲ, ನದಿ ತಂದ ಹೂಳಿಂದ ಬಂದರೇ ಮುಚ್ಚೋಯ್ತು, ಊರೂ ಹಾಳಾಯ್ತು.

ಆದ್ರೆ ನಮ್ಮಂಥ ಕ್ರೈಸ್ತರ ಪಾಲಿಗೆ ಮುಖ್ಯವಾದ ಜಾಗನೇ ಟೂರ್ ಗುಂಪುಗಳು ಬಿಟ್ಟು ಹೋಗ್ತವೆ. ಕೆಳಗಿನ ಗೇಟ್ ಹತ್ರ ಮರಿಯಮ್ಮನವರ ದೇವಾಲಯದ ಪಾಳು ಇದೆ, ದೀಕ್ಷಾಸ್ನಾನದ ತೊಟ್ಟಿ ಇನ್ನೂ ಇದೆ. 431ರಲ್ಲಿ ಬಿಷಪ್‌ಗಳ ಮಹಾಸಭೆ ಸೇರಿ ಮರಿಯಮ್ಮ ದೇವಮಾತೆ ಅಂತ ದೃಢಪಡಿಸಿದ್ದು ಇಲ್ಲೇ. ಅಲ್ಲಿ ನಿಂತು ಜಪಸರ ಹೇಳಿದ್ವಿ. ಸಂಜೆ ಸೆಲ್ಚುಕ್‌ನಲ್ಲಿ ಸಂತ ಯೋವಾನ್ನರ ಸಮಾಧಿನೂ ನೋಡಿದ್ವಿ, ಆರನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ದೊಡ್ಡ ಬಸಿಲಿಕಾದ ಪಾಳಿನ ಮಧ್ಯೆ. ಹೋಗೋರು ಗೈಡ್‌ಗೆ ಮೊದ್ಲೇ ಹೇಳಿಡಿ, ಮರಿಯಮ್ಮನ ದೇವಾಲಯಕ್ಕೆ ಅರ್ಧ ಗಂಟೆ ಬೇಕೇ ಬೇಕು ಅಂತ.