ಶನಿವಾರ ರಾತ್ರಿ ಮನೆಯನ್ನು ಅಳೆಯಬಾರದು

ಊರಿನ ಯಾವ ಮದುವೆಗೆ ಹೋದರೂ ನನಗೊಂದು ಪ್ರಶ್ನೆ ಕಾದಿರುತ್ತದೆ. "ಮಕ್ಕಳನ್ನ ಬಿಟ್ಟು ಅದ್ಹೆಂಗ್ ಇರ್ತೀಯವ್ವಾ?" ಕೇಳುವವರು ಕೆಟ್ಟವರಲ್ಲ. ಕರುಳು ಚುರುಕ್ ಅಂದೇ ಕೇಳುತ್ತಾರೆ. ಆದರೆ ಅದೇ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವ ನನ್ನ ಮೈದುನನೂ ಬೆಂಗಳೂರಲ್ಲೇ ಕೆಲಸ ಮಾಡುತ್ತಾನೆ. ಅವನ ಮಕ್ಕಳೂ ಇಲ್ಲೇ ನಿಟುವಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ. ಅವನಿಗೆ ಕೇಳುವ ಪ್ರಶ್ನೆ ಬೇರೆ. "ಸೈಟ್ ಏನಾದ್ರೂ ತಗೊಂಡ್ಯೇನಪ್ಪಾ?"

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮನೆ ದಾವಣಗೆರೆಯ ವಿನೋಬನಗರದಲ್ಲಿ. ಮಧ್ಯೆ ಹೈವೇ 48, ಸುಮಾರು 260 ಕಿ.ಮೀ. ಶನಿವಾರ ಮಧ್ಯಾಹ್ನ ಶಿಫ್ಟ್ ಮುಗಿಸಿ ಹೊರಟರೆ ರಾತ್ರಿ ಊಟದ ಹೊತ್ತಿಗೆ ಮನೆ. ಭಾನುವಾರ ರಾತ್ರಿ ಮತ್ತೆ ಬಸ್ಸು. ಸೋಮವಾರ ಬೆಳಗಿನ ಜಾವ ಜಾಲಹಳ್ಳಿ ಕ್ರಾಸಲ್ಲಿ ಇಳಿದು, ಪಿಜಿಗೆ ಹೋಗಿ ಸ್ನಾನ ಮಾಡಿ, ಎಂಟೂವರೆಗೆ ಪಂಚ್ ಮಾಡಬೇಕು. ವಾರಕ್ಕೆ ಮನೆಯಲ್ಲಿ ಮಲಗುವುದು ಒಂದೇ ರಾತ್ರಿ.

"ದಾವಣಗೆರೆಯಲ್ಲೇ ಕೆಲಸ ಸಿಗಲ್ವಾ?" ಅಂತಲೂ ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ನಮ್ಮ ಅಪ್ಪ ಹರಿಹರದಲ್ಲಿ ಲೇತ್ ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಇಲ್ಲಿಂದ ಹರಿಹರ ಹದಿನಾಲ್ಕು ಕಿ.ಮೀ. ಬೆಳಿಗ್ಗೆ ಡಬ್ಬಿ ಹಿಡಿದು ಹೋದರೆ ಸಂಜೆ ಚಹಾಕ್ಕೆ ಮನೆಯಲ್ಲಿರುತ್ತಿದ್ದರು. ಆ ಕಾರ್ಖಾನೆ ನಾನು ಶಾಲೆಯಲ್ಲಿದ್ದಾಗಲೇ ಮುಚ್ಚಿತು. ದಾವಣಗೆರೆಯ ಹತ್ತಿ ಮಿಲ್ಲುಗಳೂ ಒಂದೊಂದಾಗಿ ನಿಂತವು. 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ನಾವು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡೆವು, ಅಷ್ಟೇ. ಈಗ ಇದು ಕಾಲೇಜು, ಆಸ್ಪತ್ರೆಗಳ ಊರು. ಅಪ್ಪನ ಕೈಯ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ನೋಡಿ ಆಸೆಪಟ್ಟು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನಗೆ, ಆ ವರ್ನಿಯರ್‌ಗೆ ಸಂಬಳ ಕೊಡುವ ಜಾಗ ಪೀಣ್ಯವೇ ಆಯ್ತು.

ಹಾಗಾದರೆ ಎಲ್ಲರೂ ಅಲ್ಲಿಗೇ ಹೋಗಬಹುದಲ್ವಾ? ನಮ್ಮ ಮನೆಯವರದು ಮೋಟಾರ್ ವೈಂಡಿಂಗ್ ಅಂಗಡಿ, ಪಿ.ಬಿ. ರಸ್ತೆಯ ಹತ್ತಿರ. ಚನ್ನಗಿರಿ ಕಡೆಯ ಅಡಿಕೆ ತೋಟದವರು, ಜಗಳೂರು ಕಡೆಯ ಬೋರ್‌ವೆಲ್‌ನವರು ಸುಟ್ಟ ಮೋಟಾರು ಹೊತ್ತು ತರುತ್ತಾರೆ. ಮಾರ್ಚಿಯಿಂದ ಮಳೆ ಬೀಳುವವರೆಗೆ ರಾತ್ರಿ ಹತ್ತಾದರೂ ಶಟರ್ ಇಳಿಯುವುದಿಲ್ಲ. ಆ ಅಂಗಡಿಯ ಆಸ್ತಿ ಅಂದರೆ ಯಂತ್ರವಲ್ಲ, ಉದ್ರಿ ಪುಸ್ತಕ. ಅದನ್ನು ದಾಸರಹಳ್ಳಿಗೆ ಎತ್ತಿಕೊಂಡು ಹೋಗಲು ಬರುವುದಿಲ್ಲ. ಜೊತೆಗೆ ಅತ್ತೆ ಇದ್ದಾರೆ, ಸ್ವಂತ ಮನೆ ಇದೆ, ಮಕ್ಕಳ ಶಾಲೆ ನಡೆದು ಹೋಗುವಷ್ಟು ಹತ್ತಿರ. ಬೆಂಗಳೂರಲ್ಲಿ ಇಷ್ಟಕ್ಕೆಲ್ಲ ಬಾಡಿಗೆ, ಅಡ್ವಾನ್ಸ್, ಶಾಲೆ ಡೊನೇಷನ್ ಅಂತ ಲೆಕ್ಕ ಹಾಕಿದ ರಾತ್ರಿ ಇಬ್ಬರೂ ನಕ್ಕುಬಿಟ್ಟೆವು. ನನ್ನ ಸಂಬಳ ಪೂರ್ತಿ ಅಲ್ಲೇ ಮುಗಿಯುತ್ತಿತ್ತು. ತ್ಯಾಗ ಗೀಗ ಏನೂ ಇಲ್ಲ, ಬರೀ ಕೂಡಿಸಿ ಕಳೆದ ಲೆಕ್ಕ.

ಬಸ್ಸಿನ ವಿಷಯ ಸ್ವಲ್ಪ ಹೇಳಬೇಕು, ಯಾಕಂದ್ರೆ ನನ್ನ ವಾರದ ಆಕಾರವನ್ನೇ ಅದು ಬದಲಿಸಿದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಅದಕ್ಕೂ ಮೊದಲು ನಾನು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದೆ. ಹೋಗಿ ಬರುವ ಟಿಕೆಟ್ಟು ತಿಂಗಳಿಗೆ ನಾಲ್ಕು ಸಲ ಕೈಗೆಟುಕುತ್ತಿರಲಿಲ್ಲ. ಈಗ ಕೆಂಪು ಬಸ್ಸು ಹತ್ತಿ ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. "ಬಸ್ಸು ಫ್ರೀ ಮಾಡಿದ್ದಕ್ಕೆ ಹೆಂಗಸರೆಲ್ಲ ಧರ್ಮಸ್ಥಳ ಸುತ್ತುತ್ತಾರೆ" ಅಂತ ಜೋಕ್ ಮಾಡುವವರು ಶನಿವಾರ ಸಂಜೆ ಜಾಲಹಳ್ಳಿ ಕ್ರಾಸಿಗೆ ಒಮ್ಮೆ ಬರಬೇಕು. ಗಾರ್ಮೆಂಟ್ಸಿನವರು, ನರ್ಸುಗಳು, ನನ್ನಂಥವರು ಬ್ಯಾಗು ಹಿಡಿದು ನಿಂತಿರುತ್ತೇವೆ. ಶಿರಾಕ್ಕೋ ಹಿರಿಯೂರಿಗೋ ಚಿತ್ರದುರ್ಗಕ್ಕೋ, ಮಕ್ಕಳಿರುವ ಕಡೆಗೆ. ಸೀಟು ಸಿಗುವುದು ಅದೃಷ್ಟ. ಎಷ್ಟೋ ಸಲ ತುಮಕೂರಿನವರೆಗೆ ನಿಂತೇ ಇರುತ್ತೇನೆ.

ಭಾನುವಾರ ರಾತ್ರಿ ಮಾತ್ರ ದುಡ್ಡು ಕೊಟ್ಟು ಸ್ಲೀಪರ್. ಅದಕ್ಕೆ ಶಕ್ತಿ ಇಲ್ಲ. ಸೋಮವಾರ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಅಳೆಯಬೇಕಾದವಳಿಗೆ ನಿದ್ದೆ ಬೇಕೇ ಬೇಕು. ಹಾಗಾಗಿ ಮನೆಗೆ ಬರುವಾಗ ಬಿಟ್ಟಿ, ಮನೆಯಿಂದ ಹೋಗುವಾಗ ಖರ್ಚು.

ಒಂದು ತಮಾಷೆ. 2021ರ ಕೊನೆಯಲ್ಲಿ ಪೀಣ್ಯ ಫ್ಲೈಓವರಿನ ಕೇಬಲ್‌ನಲ್ಲಿ ದೋಷ ಕಂಡು, ಆಮೇಲೆ 2024ರವರೆಗೂ ಅದರ ಮೇಲೆ ಭಾರಿ ವಾಹನ ಬಿಡಲಿಲ್ಲ. ಇಡೀ ತುಮಕೂರು ರಸ್ತೆ ಶಾಪ ಹಾಕುತ್ತಿತ್ತು. ನನಗೆ ಮಾತ್ರ ಅನುಕೂಲ. ಎಲ್ಲ ಬಸ್ಸೂ ಕೆಳಗಿನ ರಸ್ತೆಯಲ್ಲೇ ಬಂದು ನನ್ನ ಕ್ರಾಸಲ್ಲೇ ನಿಲ್ಲುತ್ತಿತ್ತು. ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ರೈಲಿನಲ್ಲಿ ಬರಬಾರದಾ ಅನ್ನುವವರಿಗೆ: ಬೆಂಗಳೂರು-ಧಾರವಾಡ ವಂದೇ ಭಾರತ್ ನಮ್ಮೂರಲ್ಲಿ ನಿಲ್ಲುತ್ತದೆ, ನಿಜ. ಆದರೆ ಅದು ಬೆಂಗಳೂರು ಬಿಡುವುದು ಬೆಳಿಗ್ಗೆ, ಇತ್ತ ಧಾರವಾಡದಿಂದ ವಾಪಸ್ ಬರುವುದು ಮಧ್ಯಾಹ್ನ. ನನ್ನ ಶಿಫ್ಟಿಗೂ ಅದಕ್ಕೂ ಜಾತಕ ಕೂಡಲ್ಲ. ಉಳಿದ ರೈಲುಗಳೂ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಅಂತ ಸುತ್ತಿಕೊಂಡೇ ಬರಬೇಕು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗ ಮಂಜೂರಾದಾಗ ನನ್ನ ಮಗಳು ಹುಟ್ಟಿರಲಿಲ್ಲ. ಈಗವಳು ಎಂಟನೇ ಕ್ಲಾಸು.

ಇನ್ನು ನನ್ನ ಕೆಲಸ. ಸಿಎಂಎಂ ಅನ್ನುವ ಯಂತ್ರದ ಮುಂದೆ ಕೂರುತ್ತೇನೆ. ತುದಿಯಲ್ಲಿ ಸಣ್ಣ ಮಾಣಿಕ್ಯದ ಗುಂಡು ಇರುವ ಒಂದು ಕಡ್ಡಿ ಲೋಹದ ಪೀಸನ್ನು ಅಲ್ಲಲ್ಲಿ ಮುಟ್ಟಿ ಅಳತೆ ಹೇಳುತ್ತದೆ. ಆ ರೂಮು ವರ್ಷಪೂರ್ತಿ 20 ಡಿಗ್ರಿ. ಜಗತ್ತಿನಾದ್ಯಂತ ಉದ್ದದ ಅಳತೆಗೆ ಒಪ್ಪಿಕೊಂಡಿರುವ ಉಷ್ಣತೆ ಅದು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಹನ್ನೊಂದು ಹನ್ನೆರಡು ಮೈಕ್ರಾನ್ ಬೆಳೆಯುತ್ತದೆ. ನಮ್ಮಲ್ಲಿ ಅಷ್ಟಕ್ಕೇ ಮಾಲು ರಿಜೆಕ್ಟ್ ಆಗುವುದುಂಟು. ಏಪ್ರಿಲ್‌ನಲ್ಲೂ ನಾನು ಅಲ್ಲಿ ಶಾಲು ಹೊದ್ದೇ ಕೂತಿರುತ್ತೇನೆ. ದಾವಣಗೆರೆಯಲ್ಲಿ ಇಳಿದರೆ ರಾತ್ರಿಯೂ ಗೋಡೆ ಕಾದಿರುತ್ತದೆ.

ಶಾಪ್ ಫ್ಲೋರಿನಿಂದ ಬಂದ ಪೀಸನ್ನು ನಾವು ಕೂಡಲೇ ಅಳೆಯುವುದಿಲ್ಲ. ರೂಮಿನ ಉಷ್ಣತೆಗೆ ಬರುವವರೆಗೆ ಸುಮ್ನೆ ಇಡಬೇಕು. ಅದಕ್ಕೆ ಸೋಕಿಂಗ್ ಅನ್ನುತ್ತೇವೆ. ಅವಸರ ಮಾಡಿ ಅಳೆದರೆ ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಬಂದ ಅಳತೆ ಯಾವ ಕೆಲಸಕ್ಕೂ ಬರುವುದಿಲ್ಲ. ಶನಿವಾರ ರಾತ್ರಿ ಮನೆಗೆ ಬಂದ ನಾನೂ ಅಂಥ ಪೀಸೇ. ಭಾನುವಾರದ ತಿಂಡಿ ಆಗುವವರೆಗೆ ಮನೆಯ ಯಾವುದರ ಬಗ್ಗೆಯೂ ನಾನು ಅಭಿಪ್ರಾಯ ಹೇಳುವುದಿಲ್ಲ.

ಅಭಿಪ್ರಾಯಕ್ಕೆ ವಸ್ತು ಬೇಕಾದಷ್ಟು ಇರುತ್ತದೆ. ಪಾತ್ರೆ ಸ್ಟ್ಯಾಂಡು ಎಡದಿಂದ ಬಲಕ್ಕೆ ಹೋಗಿರುತ್ತದೆ. ಸಾಸಿವೆ ಡಬ್ಬಿಯಲ್ಲಿ ಸ್ಕ್ರೂ ಇರುತ್ತವೆ. ಮಗನ ಮೊಣಕಾಲಿಗೆ ನನಗೆ ಗೊತ್ತಿಲ್ಲದ ಬ್ಯಾಂಡೇಜು. ಗುರುವಾರ ಅಡುಗೆಗೆ ರಜೆ, ಬೆಣ್ಣೆ ದೋಸೆ ಪಾರ್ಸಲ್ ಅಂತ ಒಂದು ಕಾನೂನು ಯಾವಾಗ ಪಾಸಾಯಿತೋ ಗೊತ್ತಿಲ್ಲ, ಜಾರಿಯಲ್ಲಂತೂ ಇದೆ. ಮಗಳ ಎರಡು ಜಡೆ ಒಂದಾಗಿದೆ, ಯಾಕಂದ್ರೆ ಅವರಪ್ಪನಿಗೆ ಒಂದೇ ಹಾಕಲು ಬರುವುದು. ಕಾಪರ್ ವೈರ್ ಸುತ್ತಿ ಅಭ್ಯಾಸ ಇರುವ ಕೈ, ಜಡೆ ಬಿಗಿ ಅಂದರೆ ಬಿಗಿ. ಸಂಜೆಯಾದರೂ ಒಂದು ಎಳೆ ಸಡಿಲವಾಗುವುದಿಲ್ಲ.

ನಾನಿಲ್ಲದ ಆರು ದಿನ ಈ ಮನೆ ನಡೆದಿದೆ. ಮಕ್ಕಳು ಉಂಡಿದ್ದಾರೆ, ಶಾಲೆಗೆ ಹೋಗಿದ್ದಾರೆ, ಅತ್ತೆ ಬಿ.ಪಿ. ಮಾತ್ರೆ ನುಂಗಿದ್ದಾರೆ. ಒಂದು ದಿನಕ್ಕೆ ಬಂದವಳು ಸ್ಟ್ಯಾಂಡನ್ನು ವಾಪಸ್ ಎಡಕ್ಕೆ ಇಟ್ಟರೆ ಸೋಮವಾರ ಬೆಳಿಗ್ಗೆ ಅವರೇ ತಡಕಾಡಬೇಕು. ಬಿಟ್ಟು ಬಂದ ಮಕ್ಕಳನ್ನು ನೆನೆದು ಅಳುವುದು ನಮ್ಮಂಥವರಿಗೆ ಕಷ್ಟ ಅಂತ ಜನ ಅಂದುಕೊಂಡಿದ್ದಾರೆ. ಅದು ಇದ್ದದ್ದೇ, ಪಿಜಿಯ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಮುಗಿಸಬಹುದು. ನನ್ನ ಕೈಯಿಲ್ಲದೆ ಚೆನ್ನಾಗಿಯೇ ನಡೆಯುತ್ತಿರುವ ನನ್ನ ಅಡುಗೆಮನೆಯಲ್ಲಿ ನಿಂತು ಸುಮ್ಮನಿರುವುದಿದೆಯಲ್ಲ, ಅದು ಜಾಸ್ತಿ ಕಷ್ಟ.

ದಿನಾ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್. ಮಗ ಫೋನನ್ನು ನೀರಿನ ಬಾಟಲಿಗೆ ಒರಗಿಸಿಡುತ್ತಾನೆ, ಅದು ಜಾರಿ ಮಲಗುತ್ತದೆ. ನಾನು ಸೀಲಿಂಗ್ ಫ್ಯಾನ್ ನೋಡುತ್ತಾ ಭಿನ್ನರಾಶಿ ಹೇಳಿಕೊಡುತ್ತೇನೆ. ಆ ಫ್ಯಾನಿನ ಮೇಲಿನ ಧೂಳಿನ ಬಗ್ಗೆಯೂ ನನಗೆ ಅಭಿಪ್ರಾಯ ಇದೆ.

ಹೋದ ವರ್ಷ ಮಗಳು ದೊಡ್ಡವಳಾದಳು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಬುಧವಾರ ಮಧ್ಯಾಹ್ನ, ಶಾಲೆಯಿಂದ ಬೇಗ ಬಂದಿದ್ದಾಳೆ. ಅಳೆಯುವ ರೂಮಿಗೆ ಫೋನ್ ಒಯ್ಯುವಂತಿಲ್ಲ, ಲಾಕರಿನಲ್ಲಿ ಇಟ್ಟಿರುತ್ತೇನೆ. ಟೀ ಬ್ರೇಕಿನಲ್ಲಿ ತೆಗೆದು ನೋಡಿದರೆ ಮನೆಯಿಂದ ಸಾಲು ಮಿಸ್ಡ್ ಕಾಲ್. ಎದೆ ಧಸಕ್ ಅಂತು, ಅತ್ತೆಗೇ ಏನೋ ಆಯ್ತು ಅಂದುಕೊಂಡೆ. ಅವರೇ ಫೋನ್ ಎತ್ತಿದರು. "ನಿನ್ನ ಮಗಳು ದೊಡ್ಡಾಕಿ ಆಗ್ಯಾಳೆ, ಗಾಬ್ರಿ ಆಗಬ್ಯಾಡ" ಅಂದರು. ಅಷ್ಟರಲ್ಲಾಗಲೇ ಪಕ್ಕದ ಮನೆಯವರಿಗೆ ಗೊತ್ತಿತ್ತು, ನನ್ನ ನಾದಿನಿಗೆ ಗೊತ್ತಿತ್ತು, ಹಡದಡಿಯಲ್ಲಿರುವ ಅತ್ತೆಯ ತಂಗಿಗೂ ಗೊತ್ತಿತ್ತು. ಹೆತ್ತವಳಿಗೆ ಸುದ್ದಿ ಮುಟ್ಟಿದ್ದು ಕೊನೆಗೆ. ಅದು ಚುಚ್ಚಿತು. ಈಗಲೂ ಸ್ವಲ್ಪ ಚುಚ್ಚುತ್ತದೆ.

ಆದರೆ ಅವತ್ತು ನಡೆದದ್ದನ್ನು ಮಗಳ ಬಾಯಲ್ಲೇ ಕೇಳಬೇಕು. ಅಜ್ಜಿ ಹಳೇ ಬಟ್ಟೆ ಹುಡುಕುತ್ತಿದ್ದರಂತೆ. ಇವರು ಅಂಗಡಿಯಿಂದ ಗ್ರೀಸ್ ಕೈಯಲ್ಲೇ ಬಂದವರು, ವಿಷಯ ತಿಳಿದು ಏನೂ ಮಾತಾಡದೆ ಸ್ಕೂಟರ್ ತಿರುಗಿಸಿದರಂತೆ. ಅರ್ಧ ಗಂಟೆಗೆ ವಾಪಸ್ ಬಂದಾಗ ಚೀಲದಲ್ಲಿ ನಾಲ್ಕು ಕಂಪನಿಯ ಪ್ಯಾಡು. ಯಾವುದು ಬೇಕು ಅಂತ ಮಗಳನ್ನು ಕೇಳಲು ಸಂಕೋಚ, ಮೆಡಿಕಲ್ ಶಾಪಿನಲ್ಲಿ ಕೇಳಲು ಇನ್ನೂ ಸಂಕೋಚ. ಅದಕ್ಕೇ ಎಲ್ಲ ಥರದ್ದೂ ಒಂದೊಂದು. ಜೊತೆಗೆ ಒಂದು ಪ್ಯಾಕೆಟ್ ಮಂಡಕ್ಕಿ, ನಾಲ್ಕು ಮಿರ್ಚಿ. ಮಿರ್ಚಿ ಯಾಕೆ ಅಂತ ನಾನು ಆಮೇಲೆ ಕೇಳಿದೆ. "ಏನಾದ್ರೂ ತರ್ಬೇಕು ಅನ್ನಿಸ್ತು" ಅಂದರು.

ನಾನು ಅವತ್ತೇ ರಾತ್ರಿ ಬಸ್ಸು ಹತ್ತಿದೆ. ಸೂಪರ್‌ವೈಸರ್ ಕಾರಣ ಕೇಳಿದರು, ಗಂಡಸು. "ಮನೆಯಲ್ಲಿ ಫಂಕ್ಷನ್" ಅಂದೆ. ಆರತಿ ಮಾಡಿದೆವು, ಕೊಬ್ಬರಿ ಬೆಲ್ಲ ತಿನ್ನಿಸಿದೆವು. ಹತ್ತಾರು ಜನರನ್ನು ಕರೆದು ಶಾಮಿಯಾನ ಹಾಕುವುದು ಬೇಡ ಅಂದಳು ಮಗಳು. ಅತ್ತೆಗೆ ಬೇಸರವಾಯಿತು. ಆ ವಿಷಯದಲ್ಲಿ ಮಾತ್ರ ನಾನು ತಿಂಡಿಯವರೆಗೆ ಕಾಯಲಿಲ್ಲ, ಬ್ಯಾಗು ಕೆಳಗಿಡುವ ಮುಂಚೆಯೇ ಮಗಳ ಪರ ನಿಂತೆ.

ಭಾನುವಾರಗಳು ಬೇಗ ಮುಗಿಯುತ್ತವೆ. ತಲೆಗೆ ಎಣ್ಣೆ, ಯೂನಿಫಾರ್ಮ್ ಇಸ್ತ್ರಿ, ಸಂತೆ. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಕೆಲವೊಮ್ಮೆ ಕುಂದವಾಡ ಕೆರೆ ಸುತ್ತು. ಸಂಜೆ ರೊಟ್ಟಿ ಮಾಡುವ ಅಕ್ಕನ ಮನೆಯಿಂದ ವಾರಕ್ಕಾಗುವಷ್ಟು ಕಟಕ್ ರೊಟ್ಟಿ ತರುತ್ತೇನೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಅತ್ತೆಯ ಕೈಯದ್ದು. ಪಿಜಿಯ ಊಟದ ಬಗ್ಗೆ ನಾನೇನೂ ಹೇಳುವುದಿಲ್ಲ. ನನ್ನ ರೂಮ್‌ಮೇಟ್ ಕೋಲಾರದ ಹುಡುಗಿ ಈಗ ಸೋಮವಾರ ನನಗಿಂತ ಹೆಚ್ಚಾಗಿ ನನ್ನ ಚೀಲಕ್ಕೆ ಕಾಯುತ್ತಾಳೆ.

ಈಗ ಕಾರ್ಖಾನೆಯಲ್ಲಿ ಹೊಸ ಸುದ್ದಿ. ಒಂದು ಯೂನಿಟ್ಟನ್ನು ತುಮಕೂರಿನ ಆಚೆ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಒಯ್ಯುವ ಮಾತು ನಡೆದಿದೆ. ಅಲ್ಲಿಗೆ ಯಾರು ಹೋಗುತ್ತೀರಿ ಅಂತ ಕೇಳುತ್ತಿದ್ದಾರೆ. ಬೆಂಗಳೂರಲ್ಲಿ ಮನೆ ಮಾಡಿದವರೆಲ್ಲ ಮುಖ ತಿರುಗಿಸಿದರು, ನಾನು ಮೊದಲ ದಿನವೇ ಹೆಸರು ಕೊಟ್ಟೆ. ದಾರಿಯಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ದಿನಾ ಓಡಾಡಲು ಆಗುವುದಿಲ್ಲ, ಆದರೆ ವಾರದ ನಡುವೆ ಒಂದು ರಾತ್ರಿ ಬಂದು ಹೋಗಬಹುದು. ಇವರು ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ಬಸ್ಸಿನ ಟೈಮೆಲ್ಲ ಬರೆದು ಲೆಕ್ಕ ಹಾಕಿದ್ದಾರೆ. ಬುಧವಾರ ರಾತ್ರಿ ಒಂಬತ್ತೂವರೆಗೆ ಮನೆ, ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು.

"ಗುರುವಾರ ಸಂಜೆ ಇರಲ್ಲ ಅಲ್ವಾ?" ಅಂತ ಮಗ ಖಾತ್ರಿ ಮಾಡಿಕೊಂಡ. ದೋಸೆ ಪಾರ್ಸಲ್‌ಗೆ ಏನೂ ಆಗಬಾರದಲ್ಲ.