ಬಾಟಲಿ ಖಾಲಿಯಾದ ಮೇಲೆ

ಹುಬ್ಬಳ್ಳಿಯ ಒಂದು ಡೇ-ಕೇರ್ ಕೀಮೋ ವಾರ್ಡಿನಲ್ಲಿ ನಾನು ನರ್ಸ್. ಹೊಸ ಔಷಧವೊಂದನ್ನು ರೋಗಿಗಳಲ್ಲಿ ಪರೀಕ್ಷಿಸುವ ಟ್ರಯಲ್ ವೇಳೆ ಬೆಡ್ ವಿಷಯಕ್ಕೆ ಆದ ಜಗಳ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಔಷಧ ಕಾಂಬ್ರೆಟಾಸ್ಟಾಟಿನ್ ಗುಂಪಿನದು, ಅಂದರೆ ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳನ್ನು ಕೆಡವುವಂಥದ್ದು. ನರಕ್ಕೆ ಹನಿಹನಿಯಾಗಿ ಕೊಡುವ 10 ನಿಮಿಷದ ಇನ್‌ಫ್ಯೂಷನ್. ‘ಇಷ್ಟು ಸಣ್ಣ ಕೇಸಿಗೆ ಇಡೀ ದಿನ ಬೆಡ್ ಯಾಕೆ?’ ಅಂತ ಆಡಳಿತದವರು ಸ್ಲಾಟ್ ಕತ್ತರಿಸಿದ್ದರು. ಟ್ರಯಲ್‌ನ ನಿಯಮಗಳ ಪ್ರೊಟೊಕಾಲ್ ತೋರಿಸಿದರೂ ಕೇಳಲಿಲ್ಲ.

ಅವತ್ತು ಬಂದವರು ನವಲಗುಂದ ಕಡೆಯ ರೈತರು. ಕುತ್ತಿಗೆಯಲ್ಲಿ ಗಂಟು. ಬಾಟಲಿ ಮುಗಿದಾಗ ಆರಾಮಾಗಿ ಮಾತಾಡುತ್ತಿದ್ದರು. ಮುಂದಿನ ಪೇಷೆಂಟ್ ಫೈಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಿಲ್ಲಿಂಗ್‌ನಿಂದ ಫೋನ್ ಮೇಲೆ ಫೋನ್. ನಾನು ಡಿಸ್ಚಾರ್ಜ್ ಶೀಟಿಗೆ ಸೈನ್ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಕುತ್ತಿಗೆ ಹಿಡಿದುಕೊಂಡರು. “ಸಿಸ್ಟರ್, ಗಂಟು ಹಿಂಡಿದಂಗ ಆಗಾಕತ್ತೈತ್ರಿ.” ಬಿಪಿ 130/80 ಇದ್ದದ್ದು 150 ದಾಟಿತು. ಮತ್ತೆ ಕಫ್ ಉಬ್ಬಿತು, ನಿಧಾನಕ್ಕೆ ಇಳಿಯಿತು. ಅಷ್ಟು ಹೊತ್ತೂ ಅವರ ಮಗ ನನ್ನ ಮುಖವನ್ನೇ ನೋಡುತ್ತಿದ್ದ. 178/104. ಇಸಿಜಿ ತೆಗೆದು ಕ್ಯೂಟಿ, ಅಂದರೆ ಹೃದಯದ ಪ್ರತಿ ಬಡಿತದ ವಿದ್ಯುತ್ ಚಟುವಟಿಕೆಗೆ ಹಿಡಿಯುವ ಸಮಯ, ನೋಡಿದೆವು. ಟ್ರಯಲ್‌ನ ಮುಖ್ಯ ಡಾಕ್ಟರ್ (ಪಿಐ) ಬಂದು ಔಷಧ ಕೊಟ್ಟರು. ಸಂಜೆ ಹೊತ್ತಿಗೆ ನೋವು, ಬಿಪಿ ಎರಡೂ ಇಳಿದವು. ಅವರಾಗಲೇ ನವಲಗುಂದದ ಬಸ್ ಹತ್ತಿದ್ದರೆ ಏನು ಗತಿ?

ಇದು ಯಾರಿಗೂ ಗೊತ್ತಿಲ್ಲದ ತೊಂದರೆಯಲ್ಲ. ಈ ಗುಂಪಿನ ಮೂಲ ವಸ್ತುವನ್ನು 1980ರ ದಶಕದಲ್ಲಿ ಅಮೆರಿಕದ ಅರಿಝೋನಾದಲ್ಲಿ ರಸಾಯನಶಾಸ್ತ್ರಜ್ಞ ಪೆಟಿಟ್ ಅವರ ತಂಡ ದಕ್ಷಿಣ ಆಫ್ರಿಕಾದ ಬುಷ್ ವಿಲ್ಲೋ ಮರದಿಂದ ತೆಗೆದಿತ್ತು. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಗೋಡೆ ಗಟ್ಟಿ ಇರುವುದಿಲ್ಲ. ಒಳಪದರದ ಕೋಶಗಳನ್ನು ಚಪ್ಪಟೆಯಾಗಿ ಹಿಡಿದಿಡುವುದು ಟ್ಯೂಬುಲಿನ್ ಎಂಬ ಪ್ರೋಟೀನ್. ಔಷಧ ಅದಕ್ಕೇ ಅಂಟಿಕೊಳ್ಳುತ್ತದೆ. ಕೋಶಗಳು ದುಂಡಗಾಗುತ್ತವೆ, ನಾಳ ಸೋರುತ್ತದೆ, ರಕ್ತ ನಿಲ್ಲುತ್ತದೆ. ಬೆವಾಸಿಝುಮಾಬ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಹೊಸ ನಾಳ ಹುಟ್ಟದಂತೆ ತಡೆಯುತ್ತದೆ. ನಮ್ಮ ಟ್ರಯಲ್ ಔಷಧ ಇರುವ ನಾಳವನ್ನೇ ಕೆಡವುತ್ತದೆ, ಅದೂ ಕೆಲವೇ ಗಂಟೆಗಳಲ್ಲಿ. ಗಂಟಿನ ನೋವು, ಬಿಪಿ ಏರಿಕೆ ಎರಡೂ ಆ ಹೊತ್ತಿನಲ್ಲೇ ಬರುತ್ತವೆ. ಅಂದರೆ ಬೆಡ್ ಬೇಕಾಗುವುದೇ ಬಾಟಲಿ ಖಾಲಿಯಾದ ಮೇಲೆ!

ಮುಂದೆ ಸ್ಕ್ಯಾನ್‌ನಲ್ಲಿ ಗಡ್ಡೆಯ ನಡುಭಾಗ ಸತ್ತಿತ್ತು, ಅಂಚು ಜೀವಂತ. ಅಂಚಿಗೆ ಪಕ್ಕದ ಆರೋಗ್ಯವಂತ ನಾಳಗಳಿಂದ ರಕ್ತ ಸಿಗುತ್ತದೆ, ಅಲ್ಲಿಂದಲೇ ಮತ್ತೆ ಬೆಳೆಯುತ್ತದೆ. ಅದಕ್ಕೇ ಜೊತೆಗೆ ಕೀಮೋ ಕೊಡುವುದು. ಡಾಕ್ಟರ್ ಇದನ್ನು ಹೇಳಿದಾಗ ಆ ರೈತರು, “ಕಾಲುವಿ ಬಂದ್ ಮಾಡಿದ್ರೂ ಬದುವಿನ ಕಡೀದು ಪಕ್ಕದ ಹೊಲದ ನೀರಿಗೆ ಹಸರ ಇರತೈತಲ್ರಿ, ಹಂಗ,” ಅಂದರು. ನಮ್ಮ ಆಡಳಿತದವರಿಗಿಂತ ಬೇಗ ಅರ್ಥ ಮಾಡಿಕೊಂಡರು.

ಆಮೇಲೆ ಬಿಪಿ ಚಾರ್ಟನ್ನೇ ಮೀಟಿಂಗಿಗೆ ಒಯ್ದೆ. ಟ್ರಯಲ್ ಕೇಸಿಗೆ ಸಂಜೆವರೆಗೆ ಬೆಡ್ ಕೊಟ್ಟರು. ಮಾನಿಟರ್ ಮಾತ್ರ ಈಗಲೂ ಪಕ್ಕದ ವಾರ್ಡಿನಿಂದ ತರಬೇಕು. ಇಂಡೆಂಟ್ ಹಾಕಿದ್ದೇನೆ, ಬಿಡುವುದಿಲ್ಲ.